ಇಳಿಜಾರಿನಲ್ಲಿ ಕ್ಲಚ್ ಮೇಷ್ಟ್ರು

ನನ್ನ ಚಿಕ್ಕಪ್ಪ ಇಪ್ಪತ್ತೆಂಟು ವರ್ಷದಿಂದ ಡ್ರೈವಿಂಗ್ ಶಾಲೆಯಲ್ಲಿ ಮೇಷ್ಟ್ರು. ಈ ಇಪ್ಪತ್ತೆಂಟು ವರ್ಷದಲ್ಲಿ ಅವನು ಗಾಡಿ ಓಡಿಸಿದ್ದು ತೀರಾ ಕಡಿಮೆ. ಓಡಿಸುವವರ ಪಕ್ಕದಲ್ಲಿ ಕೂತಿದ್ದೇ ಹೆಚ್ಚು. ಅವನ ಸೀಟಿನ ಮುಂದೆಯೂ ಒಂದು ಬ್ರೇಕು, ಒಂದು ಕ್ಲಚ್ಚು ಇರುವ ಪುಟ್ಟ ಬಿಳಿ ಕಾರು ಅದು. ಕಲಿಯುವವರು ತಪ್ಪು ಮಾಡುವ ಮೊದಲೇ ಚಿಕ್ಕಪ್ಪ ಬ್ರೇಕ್ ಒತ್ತಿಬಿಡುತ್ತಿದ್ದುದರಿಂದ, ತಾವು ಮಾಡಲು ಹೊರಟಿದ್ದ ತಪ್ಪು ಯಾವುದು ಎನ್ನುವುದು ಅವರಿಗೆ ಕೊನೆಯವರೆಗೂ ತಿಳಿಯುತ್ತಿರಲಿಲ್ಲ. ಗಾಬರಿಯಾದಾಗ "ಕ್ಲಚ್, ಕ್ಲಚ್, ಕ್ಲಚ್" ಎಂದು ಮೂರು ಸಲ ಹೇಳುವ ಅಭ್ಯಾಸದಿಂದ ಊರಿಗೆಲ್ಲ ಅವನು ಕ್ಲಚ್ ಮೇಷ್ಟ್ರು. ನೆಂಟರ ಮನೆಯಲ್ಲಿ ಯಾರಾದರೂ ಕಾರನ್ನು ಹಿಂದಕ್ಕೆ ತೆಗೆಯುವ ಸದ್ದು ಕೇಳಿದರೆ ಸಾಕು, ತಟ್ಟೆ ಬಿಟ್ಟು ಎಂಜಲು ಕೈಯಲ್ಲೇ ಹೊರಗೆ ಓಡುತ್ತಿದ್ದ. ಹಾಗೆ ಅವನು ಕೈ ಬೀಸಿ ದಾರಿ ತೋರಿಸಿದ ಕಾರುಗಳಲ್ಲಿ ಗೋಡೆಗೆ ತಾಗಿದವು ಎರಡೇ ಎರಡು.

ನಮ್ಮೂರು ಅಂಗೈಯಷ್ಟು ಸಪಾಟು. ಇಡೀ ಊರಿಗೆ ಇರುವ ಒಂದೇ ಏರು ಎಂದರೆ ಅಂಚೆ ಕಚೇರಿ ಪಕ್ಕದ ಸೇತುವೆ. ಏರು, ಇಳಿಜಾರುಗಳ ಸಮಸ್ತ ಶಾಸ್ತ್ರವನ್ನೂ ಚಿಕ್ಕಪ್ಪ ಬೋಧಿಸಿದ್ದು ಆ ಸೇತುವೆಯ ಮೇಲೆಯೇ.

ಚಿಕ್ಕಮ್ಮ ಬ್ರೆಡ್ ಕಾರ್ಖಾನೆಯೊಂದರಲ್ಲಿ ವ್ಯಾನ್ ಓಡಿಸುತ್ತಾಳೆ. ಬೆಳಗಾದರೆ ಅರವತ್ತು ಅಂಗಡಿ, ಹನ್ನೊಂದು ವರ್ಷದಿಂದ, ಮಳೆಯೋ ಬಿಸಿಲೋ. ಮದುವೆಗೆ ಮುಂಚೆ ಅವಳು ಚಿಕ್ಕಪ್ಪನ ಶಿಷ್ಯೆ, ಮೊದಲ ಪರೀಕ್ಷೆಗೇ ಪಾಸಾದವಳು. ತನ್ನ ಪಾಠದ ಮಹಿಮೆ ಎಂದು ಅವನು ಹೇಳಿಕೊಳ್ಳುತ್ತಾನೆ. ತನಗೆ ಮೊದಲೇ ಟ್ರ್ಯಾಕ್ಟರ್ ಬರುತ್ತಿತ್ತು ಎಂದು ಅವಳು ಹೇಳಿಕೊಳ್ಳುವುದಿಲ್ಲ, ಕೇಳಿದರೆ ಮಾತ್ರ ಹೇಳುತ್ತಾಳೆ. ಮನೆಯಲ್ಲಿ ಈ ವಿಷಯದಲ್ಲಿ ಒಂದು ಒಪ್ಪಂದವಿತ್ತು. ಅವಳದು ಬರೀ ಓಡಿಸುವ ಕೆಲಸ, ಅವನದು ವಿದ್ಯೆ.

ಹೋದ ವರ್ಷ ಚಿಕ್ಕಪ್ಪನ ರಕ್ತದೊತ್ತಡ ನೋಡಿದ ಡಾಕ್ಟರು, "ಎಲ್ಲಾದ್ರೂ ತಂಪಾದ ಕಡೆ ಹೋಗಿ, ಒಂದೈದು ದಿನ ತಲೆ ಖಾಲಿ ಮಾಡ್ಕೊಂಡು ಬನ್ನಿ" ಅಂದರು. ತಲೆ ಖಾಲಿ ಮಾಡುವ ಕೆಲಸಕ್ಕೆ ಚಿಕ್ಕಪ್ಪ ಒಂಬತ್ತು ಪುಟದ ಪಟ್ಟಿ ತಯಾರಿಸಿದ. ಬೆಟ್ಟದ ದಾರಿ, ರಾಷ್ಟ್ರೀಯ ಉದ್ಯಾನ, ಕೆರೆ ದಡದಲ್ಲಿ ಟೆಂಟು, ಕೊನೆಯ ದಿನ ಬೆಟ್ಟ ದಾಟುವ ಅತಿ ಎತ್ತರದ ಕಣಿವೆದಾರಿ. ಯಾವ ಹೊತ್ತಿಗೆ ಯಾವ ಬೆಟ್ಟವನ್ನು ನೋಡಿ ಸಂತೋಷಪಡಬೇಕು ಎನ್ನುವುದೂ ಪಟ್ಟಿಯಲ್ಲಿತ್ತು. ಗಾಡಿಗೇನೂ ಚಿಂತೆ ಇರಲಿಲ್ಲ. ಕಾರ್ಖಾನೆ ಕೈಬಿಟ್ಟ ಹಳೇ ವ್ಯಾನೊಂದನ್ನು ಚಿಕ್ಕಮ್ಮ ಕೊಂಡು ಸರಿಮಾಡಿಸಿ ಇಟ್ಟುಕೊಂಡಿದ್ದಳು. ಅದರ ಮೈಮೇಲೆ ಮಾಸಿದ ಬ್ರೆಡ್ಡಿನ ಚಿತ್ರ ಇನ್ನೂ ಇತ್ತು. ಪಟ್ಟಿ ಗಟ್ಟಿಯಾಗಿ ಓದಲು ಒಬ್ಬರು ಬೇಕಾಗಿದ್ದರಿಂದ, ಔಷಧಿ ಅಂಗಡಿಯಲ್ಲಿ ಡಾಕ್ಟರ ಕೈಬರಹ ಓದಿ ಪಳಗಿದ ನನ್ನನ್ನು ಹಿಂದಿನ ಸೀಟಿಗೆ ನೇಮಿಸಿದರು.

ಹೊರಡುವ ಮೊದಲಿನ ವಾರವೆಲ್ಲ ಚಿಕ್ಕಪ್ಪ ಮನೆಯ ಹಾಲ್‌ನಲ್ಲಿ ಟೆಂಟು ಹಾಕುವ ಅಭ್ಯಾಸ ಮಾಡಿದ. ಒಂದು ಹಗ್ಗ ಸೋಫಾದ ಕಾಲಿಗೆ, ಒಂದು ಬೀರುವಿನ ಹಿಡಿಗೆ, ಇನ್ನೊಂದು ಫ್ರಿಜ್ಜಿಗೆ. ಮೂರನೇ ದಿನಕ್ಕೆ ಹನ್ನೊಂದು ನಿಮಿಷದಲ್ಲಿ ಟೆಂಟು ಎದ್ದು ನಿಂತಿತು. ಜೊತೆಗೆ ಬಂದಿದ್ದ ಕಬ್ಬಿಣದ ಗೂಟಗಳ ಚೀಲವನ್ನು ಅವನು ಒಮ್ಮೆಯೂ ಬಿಚ್ಚಬೇಕಾಗಲಿಲ್ಲ. ಆದ್ದರಿಂದ ಪಟ್ಟಿಯಲ್ಲಿ ಅದರ ಮುಂದೆ "ಅನಗತ್ಯ ಭಾರ" ಎಂದು ಬರೆದು, ಚೀಲವನ್ನು ಅಟ್ಟಕ್ಕೆ ಹಾಕಿದ.

ಮೊದಲ ದಿನ ಚಿಕ್ಕಪ್ಪನೇ ಓಡಿಸಿದ. ಗಂಟೆಗೆ ಇಪ್ಪತ್ತೈದು ಕಿಲೋಮೀಟರ್. ಬೆಟ್ಟ ಶುರುವಾಗುವ ಹೊತ್ತಿಗೆ ನಮ್ಮ ಹಿಂದೆ ಒಂದು ಬಸ್ಸು, ಎರಡು ಲಾರಿ, ಹದಿನಾಲ್ಕು ಕಾರು ಸಾಲುಗಟ್ಟಿದ್ದವು.

"ನೋಡಿದ್ಯಾ" ಅಂದ ಕನ್ನಡಿ ನೋಡುತ್ತ, "ಯಾರೂ ಓವರ್‌ಟೇಕ್ ಮಾಡ್ತಿಲ್ಲ. ಒಬ್ಬ ಸರಿಯಾಗಿ ಓಡಿಸಿದ್ರೆ ಮಿಕ್ಕವರೂ ಶಿಸ್ತು ಕಲೀತಾರೆ."

"ದಾರಿ ಇಲ್ಲ ರೀ, ಅದಕ್ಕೆ" ಅಂದಳು ಚಿಕ್ಕಮ್ಮ.

ಬಲಗಡೆ ಪೈನ್ ಮರಗಳ ಕಾಡು, ಅದರಾಚೆ ಬಿಳಿ ನೆತ್ತಿಯ ಬೆಟ್ಟ. ಚಿಕ್ಕಪ್ಪ ಅದನ್ನೆಲ್ಲ ನೋಡಲಿಲ್ಲ. ಅವನ ಕಣ್ಣು ಮೂರು ಕನ್ನಡಿಗಳ ನಡುವೆ ಓಡಾಡುತ್ತಿತ್ತು. ನಾನು ಪಟ್ಟಿ ನೋಡಿ, "ಚಿಕ್ಕಪ್ಪ, ಹತ್ತೂವರೆಗೆ ಬೆಟ್ಟ ನೋಡ್ಬೇಕು ಅಂತಿದೆ" ಅಂದೆ. "ನೋಡಾಯ್ತು ಅಂತ ಟಿಕ್ ಹಾಕು" ಅಂದ.

ಸಂಜೆ ಕೆರೆ ದಡ ತಲುಪಿದೆವು. ಟೆಂಟು ಹಾಕಲು ಕಲ್ಲುನೆಲದ ಒಂದು ಜಾಗ ತೋರಿಸಿದರು. ಗಾಳಿ ಬೀಸುತ್ತಿತ್ತು. ಹಾಲ್‌ನಲ್ಲಿ ಗಾಳಿ ಇರಲಿಲ್ಲ. ಇಲ್ಲಿ ಸೋಫಾ ಇರಲಿಲ್ಲ. ಚಿಕ್ಕಪ್ಪ ಹಗ್ಗದ ತುದಿ ಹಿಡಿದು ಸುತ್ತಲೂ ನೋಡಿದ, ಯಾರಾದರೂ ಒಂದು ಬೀರು ತಂದಿರಬಹುದೇನೋ ಎನ್ನುವಂತೆ. ಕೊನೆಗೆ ಒಂದು ಹಗ್ಗವನ್ನು ವ್ಯಾನಿನ ಬಾಗಿಲಿಗೆ, ಇನ್ನೊಂದನ್ನು ನೀರಿನ ಡ್ರಮ್ಮಿಗೆ ಕಟ್ಟಿ, ಮೂರನೆಯದನ್ನು ನನ್ನ ಕೈಗೆ ಕೊಟ್ಟು, "ಅಲ್ಲಾಡ್ಬೇಡ" ಅಂದ. ನಾನು ಒಂದು ಸಲ ಸೀನಿದೆ. ಟೆಂಟು ಮಲಗಿತು. ಅಷ್ಟರಲ್ಲಿ ಪಕ್ಕದ ಟೆಂಟಿನವರು ವ್ಯಾನಿನ ಚಿತ್ರ ನೋಡಿ, "ಎರಡು ಬ್ರೆಡ್ ಕೊಡಿ" ಎಂದು ಬಂದರು. ಚಿಕ್ಕಮ್ಮ ನಮ್ಮದರಲ್ಲೇ ಒಂದು ಕೊಟ್ಟು, ಬದಲಿಗೆ ಅವರಿಂದ ನಾಲ್ಕು ಗೂಟ ಇಸಿದುಕೊಂಡಳು. ಹಗ್ಗ ಬಿಗಿಯುವಾಗ ಚಿಕ್ಕಪ್ಪ ಪಕ್ಕದಲ್ಲಿ ನಿಂತು ಸೂಚನೆ ಕೊಟ್ಟ.

ಮರುದಿನ ರಾಷ್ಟ್ರೀಯ ಉದ್ಯಾನ. ಬಾಗಿಲಲ್ಲಿ ಕೊಟ್ಟ ಕಾಗದದಲ್ಲಿ ದಪ್ಪ ಅಕ್ಷರದಲ್ಲಿ ಎರಡೇ ಮಾತಿತ್ತು: ತಿಂಡಿಯನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಡಿ, ಕರಡಿ ಬರುತ್ತದೆ; ಇಳಿಜಾರಿನಲ್ಲಿ ಕೆಳಗಿನ ಗೇರ್ ಬಳಸಿ, ಇಲ್ಲದಿದ್ದರೆ ಬ್ರೇಕ್ ಕಾದು ಕೈಕೊಡುತ್ತದೆ. ಚಿಕ್ಕಪ್ಪ ಕಾಗದವನ್ನು ನನ್ನ ಕೈಗೆ ಕೊಟ್ಟು ನಕ್ಕ. "ಇದನ್ನ ನಾನು ಎಷ್ಟು ಸಾವಿರ ಜನಕ್ಕೆ ಹೇಳಿಕೊಟ್ಟಿದೀನೋ."

ಹೇಳಿಕೊಟ್ಟಿದ್ದು ನಿಜ. ಆದರೆ ಹದಿನೆಂಟು ಕಿಲೋಮೀಟರ್ ಉದ್ದದ ಇಳಿಜಾರಿನಲ್ಲಿ, ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲದ ದಾರಿಯಲ್ಲಿ, ಬಾಯಿಗೆ ಗೊತ್ತಿದ್ದದ್ದು ಕಾಲಿಗೆ ಗೊತ್ತಿರಲಿಲ್ಲ. ಕಾಲಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಕಾಲು ಬ್ರೇಕಿನ ಮೇಲೆ ಕೂತಿತು, ಏಳಲೇ ಇಲ್ಲ.

ಏಳನೇ ಕಿಲೋಮೀಟರಿನಲ್ಲಿ ಚಿಕ್ಕಮ್ಮ, "ರೀ, ಗೇರ್ ಇಳಿಸಿ" ಅಂದಳು.

"ಯಾರಿಗೆ ಹೇಳ್ತಿದೀಯ?"

"ವಾಸನೆ ಬರ್ತಿದೆ."

"ಕಾಡಲ್ವಾ, ಗಿಡಮೂಲಿಕೆ ಇರ್ತವೆ. ಉಸಿರು ಎಳ್ಕೋ, ಒಳ್ಳೇದು."

ಸುಟ್ಟ ರಬ್ಬರಿನ ವಾಸನೆಯ ಗಿಡಮೂಲಿಕೆ ಯಾವುದೆಂದು ಔಷಧಿ ಅಂಗಡಿಯವಳಾದ ನನಗೂ ಗೊತ್ತಿರಲಿಲ್ಲ. ಮುಂದಿನ ತಿರುವಿನಲ್ಲಿ ಚಕ್ರದ ಹತ್ತಿರ ಹೊಗೆ ಕಂಡಿತು. ಅದರ ಮುಂದಿನ ತಿರುವಿಗೆ ಮೊದಲು ಚಿಕ್ಕಪ್ಪನ ಕಾಲು ನೆಲದವರೆಗೂ ಹೋಯಿತು, ವ್ಯಾನು ನಿಧಾನವಾಗಲಿಲ್ಲ.

"ಕ್ಲಚ್, ಕ್ಲಚ್, ಕ್ಲಚ್" ಅಂದ ಚಿಕ್ಕಪ್ಪ. ಹೇಳಿಸಿಕೊಳ್ಳುವವರು ಯಾರೂ ಇರಲಿಲ್ಲ. ಸ್ಟಿಯರಿಂಗ್ ಹಿಡಿದವನು ಅವನೇ.

ಚಿಕ್ಕಮ್ಮ ಧ್ವನಿ ಏರಿಸಲಿಲ್ಲ. ಅಂಗಡಿಯವರಿಗೆ ಇವತ್ತು ಎಷ್ಟು ಬ್ರೆಡ್ ಎಂದು ಕೇಳುವ ದನಿಯಲ್ಲೇ, "ಕ್ಲಚ್ ಒತ್ತಿ. ಮೂರನೇ ಗೇರಿಗೆ ಹಾಕಿ. ಬಿಡಿ. ಈಗ ಎರಡು" ಅಂದಳು. ಅವಳ ಕೈ ಹ್ಯಾಂಡ್ ಬ್ರೇಕನ್ನು ಸ್ವಲ್ಪ ಎಳೆಯುವುದು, ಸ್ವಲ್ಪ ಬಿಡುವುದು ಮಾಡುತ್ತಿತ್ತು. ಚಿಕ್ಕಪ್ಪ ಹೇಳಿದ್ದನ್ನು ಹೇಳಿದ ಹಾಗೆ ಮಾಡಿದ. ಅಷ್ಟು ಒಳ್ಳೆಯ ವಿದ್ಯಾರ್ಥಿ ಅವನ ಶಾಲೆಗೆ ಎಂದೂ ಬಂದಿರಲಿಕ್ಕಿಲ್ಲ. ಇಂಜಿನ್ ಜೋರಾಗಿ ಅರಚಿತು, ವೇಗ ತಗ್ಗಿತು. ತಿರುವು ದಾಟಿ, ಬಂಡೆ ಕಡೆಯ ಜಲ್ಲಿರಾಶಿಗೆ ಮೂತಿ ತೂರಿಸಿ ವ್ಯಾನು ನಿಂತಿತು.

ಚಿಕ್ಕಪ್ಪ ಸ್ಟಿಯರಿಂಗ್ ಬಿಟ್ಟಿರಲಿಲ್ಲ. ಚಿಕ್ಕಮ್ಮ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, "ಇಳೀರಿ, ನೀರು ಕುಡೀರಿ" ಅಂದಳು. ಅವನು ಇಳಿದು ಬಂಡೆಗೊರಗಿ ಕೂತ. ಅವನ ಮುಖ ಅಷ್ಟು ಸಣ್ಣದಾಗಿದ್ದನ್ನು ನಾನು ಕಂಡಿರಲಿಲ್ಲ.

ಬ್ರೇಕ್ ಆರಲು ಕಾಯುತ್ತಿದ್ದಾಗ ಅರಣ್ಯ ಇಲಾಖೆಯ ಜೀಪು ಬಂತು. ಇಳಿದವಳು ನಲವತ್ತರ ಆಸುಪಾಸಿನ ಅರಣ್ಯ ರಕ್ಷಕಿ. ಚಕ್ರದ ಹತ್ತಿರ ಕೈ ಇಟ್ಟು ನೋಡಿ, ಫಾರಂ ತೆಗೆದಳು.

"ವಾರಕ್ಕೆ ಮೂರು ಇಂಥವೇ. ಎಲ್ಲಾ ಹೊಸದಾಗಿ ಗಾಡಿ ಕಲಿತವರು. ನೀವು ಕಲಿತು ಎಷ್ಟು ದಿನ ಆಯ್ತು?"

"ಹಿಂದೇನೇ ಕಲ್ತಿದ್ದು" ಅಂದ ಚಿಕ್ಕಪ್ಪ.

"ಉದ್ಯೋಗ?"

"ಮೇಷ್ಟ್ರು."

"ಏನು ಕಲಿಸ್ತೀರಿ?"

ಚಿಕ್ಕಪ್ಪ ತಲೆಯ ಮೇಲಿನ ಟೋಪಿ ಸರಿಮಾಡಿಕೊಂಡ. ಹನ್ನೊಂದು ವರ್ಷದ ವ್ಯಾನು, ಇಪ್ಪತ್ತೆಂಟು ವರ್ಷದ ವಿದ್ಯೆ, ಎಲ್ಲದರ ಸೇಡು ತೀರಿಸಿಕೊಳ್ಳಲು ಚಿಕ್ಕಮ್ಮನಿಗೆ ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಅವಳು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ, "ಗಣಿತ" ಅಂದಳು.

ಅರಣ್ಯ ರಕ್ಷಕಿಯ ಮುಖ ಅರಳಿತು. ಮುಂದಿನ ತಿಂಗಳು ಅವಳಿಗೆ ಬಡ್ತಿ ಪರೀಕ್ಷೆಯಂತೆ. ಕಾಡು, ಕಾನೂನು ಎಲ್ಲ ಬರುತ್ತದಂತೆ, ಗಣಿತ ಮಾತ್ರ ತಲೆಗೆ ಹತ್ತುವುದಿಲ್ಲವಂತೆ. "ಸಾರ್, ನಾಳೆ ಬೆಳಿಗ್ಗೆ ನಿಮ್ಮ ಟೆಂಟಿನ ಹತ್ರ ಒಂದು ಗಂಟೆ ಬರ್ಲಾ?"

ಬೇಡ ಎನ್ನಲು ಚಿಕ್ಕಪ್ಪನಿಗೆ ಬಾಯಿ ಎಲ್ಲಿತ್ತು?

ಅವಳು ಬಂದೇ ಬಂದಳು, ದಪ್ಪ ಪುಸ್ತಕದ ಸಮೇತ. ಉದ್ಯಾನದ ಒಳಗಿನ ಟೆಂಟು ಜಾಗದಲ್ಲಿ, ಮರದ ಮೇಜಿನ ಮೇಲೆ, ಚಿಕ್ಕಪ್ಪ ತನ್ನ ಶಾಲೆಯ ನೀಲಿ ಟೋಪಿ ತೆಗೆದಿಟ್ಟು ಪುಸ್ತಕ ತೆರೆದ. ನಾವು ತಮಾಷೆ ನೋಡಲು ಚಹಾ ಹಿಡಿದು ಕೂತೆವು. ಆದರೆ ಅವನ ಅದೃಷ್ಟವೋ ಏನೋ, ಅವಳಿಗೆ ಕಷ್ಟವಾಗಿದ್ದದ್ದು ವೇಗ, ದೂರ, ಕಾಲದ ಲೆಕ್ಕಗಳು. ಎರಡು ಗಾಡಿ, ಒಂದು ದಾರಿ, ಎಲ್ಲಿ ಸಂಧಿಸುತ್ತವೆ? ಚಿಕ್ಕಪ್ಪ ಎರಡು ಬೆಂಕಿಪೊಟ್ಟಣ ಇಟ್ಟುಕೊಂಡು ಮೇಜಿನ ಮೇಲೆ ಓಡಿಸಿ ತೋರಿಸಿದ. ಅವಳು ತಪ್ಪು ಉತ್ತರ ಬರೆದಳು. ಚಿಕ್ಕಪ್ಪ ತಡೆಯಲಿಲ್ಲ, ಸುಮ್ಮನೆ ಕಾದ. ಅವಳೇ ತಲೆ ಕೆರೆದುಕೊಂಡು, ಹೊಡೆದು ಹಾಕಿ, ಸರಿಯಾದದ್ದು ಬರೆದಳು. ಇಷ್ಟು ತಾಳ್ಮೆ ಅವನಲ್ಲಿ ಇದ್ದದ್ದು ನಮಗ್ಯಾರಿಗೂ ತಿಳಿದಿರಲಿಲ್ಲ. ಒಂದು ಗಂಟೆ ಹೋಗಿ ಎರಡೂವರೆಯಾಯಿತು.

ಅವಳು ಎದ್ದು ನಿಂತಾಗ ಚಿಕ್ಕಪ್ಪ ನೆಲ ನೋಡುತ್ತ, "ಒಂದು ಮಾತು. ನಾನು ಗಣಿತದ ಮೇಷ್ಟ್ರಲ್ಲಮ್ಮ" ಅಂದ.

"ಗೊತ್ತು ಸಾರ್. ಟೋಪಿ ಮೇಲೇ ಡ್ರೈವಿಂಗ್ ಶಾಲೆ ಅಂತ ಬರೆದಿದೆಯಲ್ಲ. ನಿನ್ನೆನೂ ಹಾಕ್ಕೊಂಡಿದ್ರಿ."

"ಮತ್ತೆ ಯಾಕೆ ಬಂದೆ?"

"ನೀವು ಸುಳ್ಳು ಹೇಳ್ಲಿಲ್ಲ, ನಿಮ್ಮ ಮನೆಯವರು ಹೇಳಿದ್ರು. ಅಷ್ಟು ಚೆನ್ನಾಗಿ ಸುಳ್ಳು ಹೇಳೋರ ಮನೇಲಿ ಲೆಕ್ಕ ಬರೋರು ಯಾರಾದ್ರೂ ಇರ್ತಾರೆ ಅನ್ನಿಸ್ತು." ಅವಳು ನಗಲಿಲ್ಲ. ಜೀಪು ಹತ್ತಿ, ಕಿಟಕಿಯಿಂದ ಚಿಕ್ಕಮ್ಮನ ಕಡೆ ತಿರುಗಿ, "ಇಳಿಯುವಾಗ ನೀವೇ ಓಡ್ಸಿ ಅಕ್ಕ" ಅಂದಳು.

ಅಲ್ಲಿಂದ ಮುಂದೆ ಚಿಕ್ಕಮ್ಮನೇ ಓಡಿಸಿದಳು. ಈ ಬಗ್ಗೆ ಚರ್ಚೆ ನಡೆಯಲಿಲ್ಲ. ಚಿಕ್ಕಪ್ಪ ತಾನಾಗಿಯೇ ಹಿಂದಿನ ಸೀಟಿಗೆ ಬಂದು ನನ್ನನ್ನು ಮುಂದಕ್ಕೆ ಕಳಿಸಿದ. ನಾಲ್ಕನೇ ದಿನ ಪಟ್ಟಿ ಕಾಣೆಯಾಯಿತು. ಒಲೆ ಹಚ್ಚಿದ್ದು ಯಾವ ಕಾಗದದಿಂದ ಎಂದು ನಾನು ಚಿಕ್ಕಮ್ಮನನ್ನು ಕೇಳಲಿಲ್ಲ. ಉದ್ಯಾನದ ಕೆರೆಯಲ್ಲಿ ಕಾಲು ಇಳಿಬಿಟ್ಟು ಚಿಕ್ಕಪ್ಪ ಒಂದಿಡೀ ಮಧ್ಯಾಹ್ನ ಕೂತಿದ್ದ. ಕರಡಿಯೊಂದನ್ನೂ ಕಂಡೆವು, ದೂರದ ದಿಣ್ಣೆಯ ಮೇಲೆ. ಅರ್ಧ ಗಂಟೆ ಉಸಿರು ಬಿಗಿಹಿಡಿದು ನೋಡಿದ ಮೇಲೆ, ಅದು ಬಂಡೆ ಎಂದು ಪಕ್ಕದವರು ಹೇಳಿದರು.

ಕೊನೆಯ ದಿನ ಆ ಎತ್ತರದ ಕಣಿವೆದಾರಿ. ಇಡೀ ಪ್ರವಾಸ ಹೊರಟಿದ್ದೇ ಅದಕ್ಕಾಗಿ. ಮೋಡದ ಮೇಲೆ ರಸ್ತೆ, ಕೆಳಗೆ ಮೂರು ಕೆರೆ ಒಂದರ ಹಿಂದೊಂದು, ಎದುರಿಗೆ ಬೆಟ್ಟಗಳ ಸಾಲು. ತಿರುಗಿ ನೋಡಿದರೆ ಚಿಕ್ಕಪ್ಪ ಕಂಬಳಿ ಹೊದ್ದು, ಬಾಯಿ ತೆರೆದು ನಿದ್ದೆ ಹೋಗಿದ್ದ.

"ಎಬ್ಬಿಸ್ಲಾ ಚಿಕ್ಕಮ್ಮ?"

"ಬೇಡ ಬಿಡು. ಗಾಡಿಯಲ್ಲಿ ಅವರು ಕಣ್ಣು ಮುಚ್ಚಿದ್ದನ್ನ ಇವತ್ತೇ ನಾನು ನೋಡ್ತಿರೋದು."

ಅವಳು ವ್ಯಾನನ್ನು ಅಂಚಿಗೆ ನಿಲ್ಲಿಸಿ, ಕದ ಸದ್ದಾಗದಂತೆ ತೆರೆದು ಇಳಿದಳು. ನಾವಿಬ್ಬರೂ ಗಾಳಿಗೆ ನಿಂತು ಮನಸಾರೆ ನೋಡಿದೆವು. ಆಮೇಲೆ ಎರಡನೇ ಗೇರಿನಲ್ಲಿ ಮೆಲ್ಲಗೆ ಇಳಿದೆವು.

ಊರಿಗೆ ಬಂದ ಮೇಲೆ ನೆಂಟರು ಸೇರಿದಾಗಲೆಲ್ಲ ಚಿಕ್ಕಪ್ಪ ಪ್ರವಾಸದ ವರ್ಣನೆ ಮಾಡುತ್ತಾನೆ. ಎಲ್ಲಕ್ಕಿಂತ ವಿವರವಾಗಿ ಹೇಳುವುದು ಆ ಕಣಿವೆದಾರಿಯನ್ನೇ: ಮೋಡ ಹೇಗೆ ಸರಿಯಿತು, ಬಿಸಿಲು ಎಲ್ಲಿ ಬಿತ್ತು, ಐದೂ ಕೆರೆಗಳು ಎಷ್ಟು ನೀಲಿಯಾಗಿದ್ದವು. ಮೊನ್ನೆ ನಾನು ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಮ್ಮ ನನ್ನ ಕೈಗೆ ಚಹಾದ ತಟ್ಟೆ ಕೊಟ್ಟು, ನೆಂಟರ ಕಡೆ ತಿರುಗಿ, "ಆರನೇದೂ ಒಂದಿತ್ತು, ಸ್ವಲ್ಪ ಚಿಕ್ಕದು" ಅಂದಳು.