ಮೂರು ಹಳೆಯ ಸೀರೆ

ಉಪ್ಪಲ್‌ನ ನಮ್ಮ ಓಣಿಗೆ ಹಳೆಯ ಬಟ್ಟೆ ಪಡೆದು ಸ್ಟೀಲ್ ಪಾತ್ರೆ ಕೊಡುವ ಹೆಂಗಸೊಬ್ಬಳು ಬರುತ್ತಿದ್ದಳು. ರಾಯಚೂರು ಕಡೆಯವಳು, ಪಾತ್ರೆಗಳನ್ನು ಬೇಗಂ ಬಜಾರಿನಿಂದ ತರುತ್ತಿದ್ದಳು. ಕೊಟ್ಟ ಸೀರೆಯನ್ನು ಬಿಸಿಲಿಗೆ ಹಿಡಿದು, ತೂತು ಕಂಡಲ್ಲಿ ಬೆರಳು ತೂರಿಸಿ ತೋರಿಸುವಳು. ಚೌಕಾಸಿ ಸಾಕಾಗಿ ನಾನು ದುಡ್ಡು ತೆಗೆದರೆ ತಲೆಯಾಡಿಸುವಳು. "ರೊಕ್ಕ ಬ್ಯಾಡ್ರಿ ಅಕ್ಕಾರ, ಇನ್ನೊಂದು ಸೀರಿ ಹಾಕ್ರಿ."

ಒಂದು ಮಧ್ಯಾಹ್ನ ಬುಟ್ಟಿ ಇಳಿಸಿದವಳೇ ಹಾಲು ಕಾಯಿಸುವ ದೊಡ್ಡ ಪಾತ್ರೆಯೊಂದನ್ನು ನನ್ನ ಮುಂದೆ ತಳ್ಳಿದಳು.

"ಮಗಳಿಗೆ ಭಾಳ ಜ್ವರ ಬಂದಾವ್ರಿ. ಇವತ್ತ ರೊಕ್ಕ ಕೊಡ್ರಿ, ಮುನ್ನೂರು. ಔಷಧ ಅಂಗಡ್ಯಾಗ ಭಾಂಡಿ ನಡಿಯಂಗಿಲ್ರಿ."

ಎಷ್ಟೋ ವರ್ಷ ಆಕೆಯೊಡನೆ ಚೌಕಾಸಿ ಮಾಡಿದ ನಾಲಿಗೆ ನನ್ನದು. "ರೊಕ್ಕ ಕೊಟ್ಟು ತಗೊಳ್ಳಾಕ ಅಂಗಡಿ ಅದಾವಲ್ಲ. ನಿನಗ ಸೀರಿ ಕೊಡ್ತೀನಿ, ಎರಡಲ್ಲ, ಮೂರು," ಎಂದೆ. ಒಳಗೆ ಹೋಗಿ, ದೊಡ್ಡ ಉಪಕಾರ ಮಾಡುವವಳಂತೆ, ಹರಿಯದ ಸೀರೆಗಳನ್ನೇ ಆರಿಸಿ ತಂದೆ.

ಆಕೆ ಅವನ್ನು ಬಿಸಿಲಿಗೆ ಹಿಡಿಯಲಿಲ್ಲ. ಮಡಚಿ ಗಂಟಿಗೆ ಸೇರಿಸಿ, ಪಾತ್ರೆಯನ್ನು ಹೊಸ್ತಿಲ ಮೇಲಿಟ್ಟಳು.

"ಹಳೇ ಬಟ್ಟಿ ಸಂತಿ ಆದಿತ್ಯವಾರ ಕೂಡ್ತೈತ್ರಿ," ಎಂದಷ್ಟೇ ಹೇಳಿದಳು.

ಅಂದು ಸೋಮವಾರ. ಬುಟ್ಟಿಯನ್ನು ಆಕೆಯ ತಲೆಗೆ ಏರಿಸಲು ನಾನೇ ಕೈ ಕೊಟ್ಟೆ. ಆಮೇಲೆ ಆಕೆ ನಮ್ಮ ಓಣಿಗೆ ಬರಲಿಲ್ಲ.

ಮೂರು ಸೀರೆ ಕಡಿಮೆಯಾದವೆಂದು ಅದೇ ಸಂಜೆ ಹಿಮಾಯತ್‌ನಗರದ ದೊಡ್ಡ ಸೀರೆ ಅಂಗಡಿಗೆ ಹೋಗಿ ಹೊಸದೊಂದು ತಂದೆ. ಹೇಳಿದ ಬೆಲೆಯನ್ನು ತುಟಿ ಬಿಚ್ಚದೆ ಎಣಿಸಿ ಕೊಟ್ಟೆ. ಅಲ್ಲಿ ಚೌಕಾಸಿ ಮಾಡಲು ನನಗೆ ನಾಚಿಕೆ.