ಗುಂಡಿ ಒತ್ತುವ ಮುನ್ನ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ನ್ಯಾಮತಿಯಿಂದ ಬೆಂಗಳೂರಿಗೆ ಹೋಗಿ ವಿಮಾನ ನಡೆಸುವುದನ್ನು ಕಲಿಯುತ್ತಿದ್ದೆ. ಆಗ ನನಗೆ ಇಪ್ಪತ್ತೊಂದು. ನಮ್ಮ ತಂಡದಲ್ಲಿ ನಾನೊಬ್ಬಳೇ ಹುಡುಗಿ. ವಿಮಾನ ಏರಿಸುವುದು, ತಿರುಗಿಸುವುದು, ಇಳಿಸುವುದು ಎಲ್ಲ ಬೇಗ ಕೈಗೆ ಹತ್ತಿತು. ರೇಡಿಯೊ ಮಾತ್ರ ಹತ್ತಲಿಲ್ಲ.

ಮೈಕಿನ ಗುಂಡಿ ಒತ್ತಿದ ಕೂಡಲೇ ಹೇಳಬೇಕಾದದ್ದು ಮರೆತುಹೋಗುತ್ತಿತ್ತು. ಕನ್ನಡ ಶಾಲೆಯಲ್ಲಿ ಓದಿದವಳು ನಾನು. ವಿಮಾನಗಳಿಗೆ ಅಪ್ಪಣೆ ಕೊಡುವ ಟವರಿನಿಂದ ಇಂಗ್ಲಿಷು ಕರಕರ ಸದ್ದಿನ ನಡುವೆ ಓಡೋಡಿ ಬರುತ್ತಿತ್ತು. ಅರ್ಥವಾಗಲಿ ಬಿಡಲಿ, "ರಾಜರ್" ಎಂದುಬಿಡುತ್ತಿದ್ದೆ. ಕೇಳಿಸಿತು ಎಂದು ಅದರ ಅರ್ಥ. ಒಂದು ದಿನ ಪಕ್ಕದಲ್ಲಿ ಕೂತಿದ್ದ ಶಿಕ್ಷಕರು ಕೇಳಿದರು:

"ಈಗ ಟವರಿನವರು ಎಷ್ಟು ಎತ್ತರಕ್ಕೆ ಹೋಗು ಅಂದರು?"

"ತಿಳಿಯಲಿಲ್ಲ ಸರ್."

"ಇದು ಸರಿಹೋಗೋವರೆಗೆ ಪ್ರಯಾಣಿಕರ ವಿಮಾನ ಇಳಿಯೋ ದೊಡ್ಡ ನಿಲ್ದಾಣಕ್ಕೆ ನಿನ್ನೊಬ್ಬಳನ್ನೇ ಕಳಿಸಲ್ಲ. ಹತ್ತು ದಿನ ಊರಿಗೆ ಹೋಗಿ ಬಾ."

ಅಕ್ಕ ಆಗ ಚನ್ನಗಿರಿಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದಳು. ಮೊದಲು ಅವಳ ಮನೆಗೇ ಹೋದೆ. ಮರುದಿನ ಅವಳ ಕಚೇರಿಗೆ ಬುತ್ತಿ ಕೊಡಲು ಹೋದವಳು, ಬೇರೆ ಊರಿನ ಟ್ರಂಕ್ ಕಾಲ್‌ಗೆ ಕಾಯುವವರ ಬೆಂಚಿನ ಮೇಲೆ ಸುಮ್ಮನೆ ಕೂತೆ. ಕಿಟಕಿಯಾಚೆ ಅಕ್ಕ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ವೈರು ಚುಚ್ಚುತ್ತಿದ್ದಳು, ಕೀಳುತ್ತಿದ್ದಳು. ಶೇಂಗಾ ವ್ಯಾಪಾರಿಯೊಬ್ಬರಿಗೆ ಜಗಳೂರಿಗೆ ಕಾಲ್ ಬೇಕಾಗಿತ್ತು. ಲೈನಿನಲ್ಲಿ ಬರೀ ಗೊರಗೊರ. ಅಕ್ಕ ಕೂಗಲಿಲ್ಲ, ಅವಸರ ಮಾಡಲಿಲ್ಲ. ಆ ಕಡೆಯ ಆಪರೇಟರ್ ಹುಡುಕಿ ಹೇಳಿದ ನಂಬರನ್ನು ಒಂದೊಂದೇ ಅಂಕಿಯಾಗಿ ತಿರುಗಿ ಹೇಳಿದಳು, ಒಂದು ತಪ್ಪಾಗಿತ್ತು, ಅವರು ತಿದ್ದಿದರು, ಕಾಲ್ ಸೇರಿತು. ನನಗೆ ಮೈ ಜುಮ್ಮೆಂದಿತು. ನನಗೆ ಬಾರದ ವಿದ್ಯೆ ನಮ್ಮ ಮನೆಯಲ್ಲೇ ಇತ್ತು!

ಸಂಜೆ ಅಡುಗೆಮನೆಯಲ್ಲಿ ಅವಳ ಬೆನ್ನು ಹತ್ತಿದೆ.

"ನಿಂಗೆ ಗಾಬರಿ ಆಗಲ್ಲೇನೆ ಅಕ್ಕ?"

"ಮೊದ್ಲು ಆಗ್ತಿತ್ತು. ಯಾರನ್ನ ಕರೀತೀಯ, ನೀನ್ಯಾರು, ಎಲ್ಲಿದೀಯ, ಏನು ಬೇಕು. ಇಷ್ಟೇ ತಾನೆ ಹೇಳಾದು? ಗುಂಡಿ ಒತ್ತಾಕೆ ಮೊದ್ಲೇ ಅದು ಬಾಯಾಗೆ ರೆಡಿ ಇರಬೇಕು. ಇನ್ನೊಬ್ರು ಮಾತಾಡಾಕೆ ಹತ್ತಿದ್ರೆ ಸುಮ್ನಿರು."

"ಅವರು ಹೇಳಿದ್ದು ತಿಳೀದಿದ್ರೆ?"

"ಇನ್ನೊಂದ್ಸಲ ಹೇಳ್ರಿ ಅನ್ನು. ಕೇಳಾಕೆ ನಾಚಿಕೆ ಏನೈತೆ ಅದ್ರಾಗೆ?"

ಅವತ್ತಿನಿಂದ ಅಡುಗೆಮನೆಯೇ ಟವರ್ ಆಯಿತು. ನಾನು ಗೋಡೆಯಾಚೆ ಹಿತ್ತಿಲಲ್ಲಿ ನಿಂತು ಕರೆಯುವುದು, ನನ್ನ ಪುಸ್ತಕ ಹಿಡಿದುಕೊಂಡು ಅಕ್ಕ ಒಳಗಿನಿಂದ ಇಂಗ್ಲಿಷಿನಲ್ಲಿ ಅಪ್ಪಣೆ ಕೊಡುವುದು. ಬೇಕೆಂದೇ ಒಗ್ಗರಣೆ ಚುಂಯ್ ಎನ್ನುವಾಗ ಅಂಕಿಗಳನ್ನು ಹೇಳುತ್ತಿದ್ದಳು. ನಾನು ಸುಮ್ಮನೆ "ರಾಜರ್" ಎಂದರೆ ಸೌಟು ಹಿಡಿದು ಹೊರಗೇ ಬಂದುಬಿಡುತ್ತಿದ್ದಳು. ನಕ್ಕು ನಕ್ಕು ಇಬ್ಬರಿಗೂ ಹೊಟ್ಟೆ ನೋಯುತ್ತಿತ್ತು.

ಅಪ್ಪ ಅವ್ವನನ್ನು ನೋಡಲು ನ್ಯಾಮತಿಗೆ ಹೊರಟಾಗ ಬಸ್ಸಿನಲ್ಲೂ ಅಭ್ಯಾಸ ಬಿಡಲಿಲ್ಲ. ಹೊನ್ನಾಳಿ ಸೇತುವೆ ಬಂತು, ಇಷ್ಟು ಗಂಟೆ, ಮುಂದಿನ ನಿಲ್ದಾಣ ಇಷ್ಟು ಹೊತ್ತಿಗೆ ಎಂದು ಟವರಿಗೆ ಹೇಳುವ ಹಾಗೆ ಬಾಯಲ್ಲೇ ವರದಿ ಒಪ್ಪಿಸುತ್ತಿದ್ದೆ. ಪಕ್ಕದ ಅಜ್ಜಿ ಬಹಳ ಹೊತ್ತು ನೋಡಿದರು.

"ಏನವ್ವಾ, ಮಂತ್ರ ಹೇಳ್ತಿದೀಯಾ?"

"ಇಲ್ಲಜ್ಜಿ, ಇಮಾನ ನಡೆಸಾಕೆ ಕಲೀತಿದೀನಿ."

"ಹಂಗಾರೆ ಜೋರಾಗಿ ಹೇಳು. ಡ್ರೈವರಿಗೂ ಕೇಳ್ಲಿ!"

ಬೆಂಗಳೂರಿಗೆ ಮರಳಿದ ಮೇಲೆ ಶಿಕ್ಷಕರು ಮೂರು ದಿನ ಪಕ್ಕದಲ್ಲಿ ಕೂತು ಕೇಳಿದರು. ನಾಲ್ಕನೆಯ ಬೆಳಿಗ್ಗೆ ವಿಮಾನದಿಂದ ಇಳಿದು, "ಹೋಗು, ದೊಡ್ಡ ನಿಲ್ದಾಣದಲ್ಲಿ ಇಳಿಸಿ ಬಾ" ಎಂದು ಬಾಗಿಲು ಹಾಕಿಬಿಟ್ಟರು.

ಆಕಾಶ ತೊಳೆದಿಟ್ಟ ಹಾಗಿತ್ತು. ಒಬ್ಬಳೇ! ದೊಡ್ಡ ನಿಲ್ದಾಣ ಹತ್ತಿರವಾದಾಗ ಮೊದಲು ಕೇಳಿಸಿಕೊಂಡೆ, ಆಮೇಲೆ ಕರೆದೆ. ದನಿ ನಡುಗಲಿಲ್ಲ. ಟವರಿನವರು ವಿಮಾನ ಇಳಿಯುವ ಓಡುದಾರಿಯ ಪಕ್ಕಕ್ಕೆ ಬಂದು ಮೇಲೇ ಸುತ್ತುತ್ತ ಕಾಯಲು ಹೇಳಿದರು; ಅದನ್ನೇ ತಿರುಗಿ ಹೇಳಿದೆ. ಅಷ್ಟರಲ್ಲಿ ಯಾರೋ ಇಬ್ಬರು ಒಟ್ಟಿಗೆ ಗುಂಡಿ ಒತ್ತಿರಬೇಕು, ಕಿರ್ರೆಂದು ಸದ್ದು. ಅದರ ಬಾಲದಲ್ಲಿ ನನ್ನ ವಿಮಾನದ ಗುರುತಿನ ಅಕ್ಷರಗಳಂಥವು ಕೇಳಿಸಿದವು, ಜೊತೆಗೆ "ಇಳಿಯಬಹುದು" ಎಂಬ ಮಾತು.

ಇಳಿಯುವ ಆಸೆ ಎಷ್ಟಿತ್ತೆಂದರೆ ಕೈ ಆಗಲೇ ಎಂಜಿನ್ ವೇಗ ತಗ್ಗಿಸಲು ಹೋಗಿತ್ತು. ತಡೆದೆ. ನನ್ನ ಅಕ್ಷರಗಳನ್ನು ಬಿಡಿಬಿಡಿಯಾಗಿ ಹೇಳಿ, "ಇಳಿಯಲು ಹೇಳಿದ್ದು ನನಗೇನು? ದಯವಿಟ್ಟು ಮತ್ತೊಮ್ಮೆ ಹೇಳಿ" ಎಂದು ಕೇಳಿದೆ.

ಉತ್ತರ ಥಟ್ಟನೆ ಬಂತು. "ನಿಮಗಲ್ಲ. ಅಲ್ಲೇ ಸುತ್ತುತ್ತಿರಿ."

ಅಕ್ಷರಗಳೆಲ್ಲ ಹೆಚ್ಚುಕಡಿಮೆ ನನ್ನವೇ ಆಗಿದ್ದ ಪ್ರಯಾಣಿಕರ ವಿಮಾನವೊಂದು ದೂರದಿಂದ ನೇರವಾಗಿ ಇಳಿದು ಬರುತ್ತಿತ್ತು. ನನ್ನ ಕೆಳಗೇ ಅದರ ಚಕ್ರ ನೆಲ ಮುಟ್ಟಿ ಹೊಗೆ ಎದ್ದಿತು. ಕೂಗಿ ಕುಣಿಯಬೇಕೆನಿಸಿತು. ಆಮೇಲೆ ನನ್ನ ಸರದಿ ಬಂತು. ಅಷ್ಟು ಮೆತ್ತಗೆ ನಾನು ಹಿಂದೆಂದೂ ಇಳಿಸಿರಲಿಲ್ಲ.

ಟವರಿಗೆ ಬರಬೇಕೆಂದು ಕರೆ ಬಂತು. ಬೈಗುಳ ಕಾದಿದೆ ಎಂದುಕೊಂಡೇ ಮೆಟ್ಟಿಲು ಹತ್ತಿದೆ. ಕನ್ನಡಕದ ಹಿರಿಯ ಅಧಿಕಾರಿಯೊಬ್ಬರು ಕುರ್ಚಿ ಎಳೆದು ಕೊಟ್ಟರು.

"ನೀವು ಕೇಳಿದ್ದು ಒಳ್ಳೆಯದಾಯಿತಮ್ಮ. ಇಬ್ಬರ ಅಕ್ಷರ ಹತ್ತಿರ ಹತ್ತಿರ ಇವೆ ಅಂತ ನಾನೇ ಮೊದಲು ಎಚ್ಚರಿಸಬೇಕಿತ್ತು."

ಅರ್ಧ ಗಂಟೆ ಅಲ್ಲೇ ಕೂರಿಸಿಕೊಂಡರು. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಪೆನ್ಸಿಲು, ಕಣ್ಣು ಗಾಜಿನಾಚೆ. ಇಷ್ಟು ದಿನ ಉತ್ತರ ತಡವಾದರೆ ನನ್ನ ಮೇಲೆ ಸಿಟ್ಟಾಗಿದ್ದಾರೆ ಎಂದೇ ಹೆದರುತ್ತಿದ್ದೆ. ಅವರಿಗೆ ಬಿಡುವೇ ಇರಲಿಲ್ಲ! ಇದನ್ನು ನಮ್ಮ ತಂಡದವರೆಲ್ಲ ನೋಡಬೇಕು ಎಂದು ಶಿಕ್ಷಕರಿಗೆ ಹೇಳಿದೆ. ಅವರು ಒಪ್ಪಿಗೆ ಪಡೆದು ಇಬ್ಬಿಬ್ಬರನ್ನಾಗಿ ಎಲ್ಲರನ್ನೂ ಟವರಿಗೆ ಕಳಿಸಿದರು.

ರೇಡಿಯೊ ಪರೀಕ್ಷೆಯೂ ಪಾಸಾಯಿತು. ಪರವಾನಗಿ ಕೈಗೆ ಬಂದ ಮಧ್ಯಾಹ್ನ ಶಿಕ್ಷಕರು ನಕ್ಷೆಯೊಂದನ್ನು ಮೇಜಿನ ಮೇಲಿಟ್ಟು, "ಮುಂದಿನ ವಾರ ಬೆಳಗಾವಿ, ಒಬ್ಬಳೇ" ಎಂದರು. ಪೆನ್ಸಿಲು, ಸ್ಕೇಲು ಹಿಡಿದು ಅಲ್ಲೇ ಕೂತುಬಿಟ್ಟೆ. ಗೆರೆ ತುಮಕೂರು ದಾಟಿ ಚಿತ್ರದುರ್ಗ ಮುಟ್ಟುವ ಹೊತ್ತಿಗೆ ಹಾಸ್ಟೆಲಿನಲ್ಲಿ ಊಟ ಮುಗಿದುಹೋಗಿತ್ತು.