ಸುದ್ದಿಮೇಜಿನ ಗೋಪಣ್ಣನವರೂ ಹೆಸರಿನ ಮರ್ಯಾದೆಯೂ

ಗದಗ ಸೀಮೆಯ ಪತ್ರಿಕೋದ್ಯಮದಲ್ಲಿ ವರದಿಗಾರರನ್ನು ಬಲ್ಲವರು ಬಹಳ. ಆ ವರದಿಗಳನ್ನು ತಿದ್ದಿ ತೀಡಿ ಓದುವ ಹದಕ್ಕೆ ತಂದವರನ್ನು ಬಲ್ಲವರು ವಿರಳ. ಬೆಟಗೇರಿಯ ನೇಕಾರರ ಮನೆಯಲ್ಲಿ ಹುಟ್ಟಿ, ನಮ್ಮ ಜಿಲ್ಲಾ ಪತ್ರಿಕೆಯ ಸುದ್ದಿಮೇಜಿನ ಮುಖ್ಯಸ್ಥರಾಗಿ ಈಗ ನಿವೃತ್ತರಾಗುತ್ತಿರುವ ಶ್ರೀ ಗೋಪಣ್ಣ ಬೇವಿನಕಟ್ಟಿಯವರು ಅಂಥ ವಿರಳರಲ್ಲಿ ಹಿರಿಯರು.

ಮುಂಡರಗಿಯಲ್ಲಿ ವರದಿಗಾರರಾಗಿ ವೃತ್ತಿಗೆ ಕಾಲಿಟ್ಟು, ಶಿರಹಟ್ಟಿಯಲ್ಲೂ ದುಡಿದು, ಕಡೆಗೆ ಗದುಗಿನ ಕಚೇರಿಗೆ ಬಂದರು. ಕಿರಿಯರ ತಪ್ಪನ್ನು ಎಲ್ಲರೆದುರು ಆಡದೆ, ಚಹಾಕ್ಕೆ ಕರೆದೊಯ್ದು ಹೇಳುತ್ತಿದ್ದರು. ಅವರು ಚಹಾಕ್ಕೆ ಕರೆದರೆಂದರೆ ನಮ್ಮ ಬರಹದಲ್ಲಿ ತಪ್ಪಿದೆಯೆಂದೇ ಅರ್ಥ. ಗದುಗಿನ ಸುದ್ದಿಮೇಜಿನಲ್ಲಿ ಅವರ ಕಣ್ಣಿಗೆ ಒಂದು ಸಂಗತಿ ಬಿತ್ತು. ಗಂಡಸು ರಾಜಕಾರಣಿ ತಲೆಬರಹದಲ್ಲಿ ಪಾಟೀಲ, ಕುಲಕರ್ಣಿ ಎಂದು ಅಡ್ಡಹೆಸರಿನ ಗತ್ತಿನಲ್ಲಿ ಬಂದರೆ, ಹೆಂಗಸು ಬರಿಯ ಹೆಸರಿನಲ್ಲಿ ಬರುತ್ತಿದ್ದಳು. ಆ ಹೆಸರಿನ ತುದಿಗೆ 'ಅವ್ವ' ಎನ್ನುವುದರಲ್ಲಿ ಅಕ್ಕರೆಯಿದೆ, ನಿಜ. ಆ ಅಕ್ಕರೆ ಗಂಡಸರ ಪಾಲಿಗೇಕಿಲ್ಲ ಎಂಬ ಪ್ರಶ್ನೆ ಗೋಪಣ್ಣನವರನ್ನು ಕೊರೆಯಿತು. ಇನ್ನು ಹೆಂಗಸರಿಗೂ ಅಡ್ಡಹೆಸರೇ ಎಂದು ಅಪ್ಪಣೆಯಾಯಿತು.

ಅಲ್ಲಿಯೇ ಎಡವಟ್ಟಾಯಿತು. ಕಾಯಿಪಲ್ಯೆ ಮಾರುವವರನ್ನು ಪೇಟೆಯಿಂದ ಎಬ್ಬಿಸಬೇಕೆಂದು ಲಕ್ಷ್ಮೇಶ್ವರದ ಸದಸ್ಯ ಪ್ರಭುಲಿಂಗ ದೇಸಾಯಿಯವರು ಪುರಸಭೆಯಲ್ಲಿ ವಾದಿಸಿದಾಗ, ಸದಸ್ಯೆ ಸಿದ್ದಲಿಂಗವ್ವ ಹೊಸಮನಿಯವರು ಒಬ್ಬರೇ ಎದುರು ನಿಂತು ತಡೆದರು. 'ಪಟ್ಟು ಸಡಿಲಿಸದ ಹೊಸಮನಿ' ಎಂದು ತಲೆಬರಹ ಬಂತು. ಊರಲ್ಲಿ ಹೊಸಮನಿ ಎಂದರೆ ಆಕೆಯ ಗಂಡ, ಕಾಳಿನ ವ್ಯಾಪಾರಿ ಉಳವಪ್ಪ ಸಾವ್ಕಾರರೇ. ಪತ್ರಿಕೆ ಓದಿದವರು ಹೋಗಿ ಅವರಿಗೆ ಹಾರ ಹಾಕಿದರು!

ಸಿದ್ದಲಿಂಗವ್ವನವರು ನೇರವಾಗಿ ಕಚೇರಿಗೇ ಬಂದರು. "ಗಂಟಲು ಹರಕೊಂಡಾಕಿ ನಾನು, ಹಾರ ಮನಿಯವ್ರಿಗೆ! ಇದೇನ್ರಿ ನಿಮ್ಮ ಮರ್ಯಾದಿ?"

ಗೋಪಣ್ಣನವರ ಮುಖ ಸಣ್ಣದಾಯಿತು. "ತಪ್ಪಾತ್ರಿ ಅವ್ವಾರ. ಏನಂತ ಬರೀಲಿ, ನೀವ ಹೇಳ್ರಿ."

"ನನ್ನ ಹೆಸರು ಬರೀರಿ. ದೇಸಾಯರದೂ ಹಂಗ ಬರೀರಿ."

ಮುಂದಿನ ಸಭೆಯ ಸುದ್ದಿ 'ಸಿದ್ದಲಿಂಗವ್ವ, ಪ್ರಭುಲಿಂಗ ಜಟಾಪಟಿ' ಎಂದು ಬಂತು. ಬೆಳಗಾಗುತ್ತಲೇ ದೇಸಾಯಿಯವರ ಫೋನು. "ಬರೇ ಹೆಸರು ಹಿಡದು ಕರಿಯಾಕ ನಾನೇನು ನಿಮ್ಮ ಓಣ್ಯಾಗ ಗೋಲಿ ಆಡೋ ಹುಡುಗ ಏನ್ರಿ?"

"ಅಲ್ರಿ. ಸಿದ್ದಲಿಂಗವ್ವಾರೂ ನಮ್ಮ ಓಣ್ಯಾಗ ಕುಂಟಾಟ ಆಡೋ ಹುಡುಗಿ ಅಲ್ರಿ," ಎಂದರು ಗೋಪಣ್ಣನವರು.

ಕ್ಷಮೆ ಅಚ್ಚು ಹಾಕಿರೆಂದು ಮಾಲೀಕರು ಒತ್ತಾಯಿಸಿದರು. "ಹಾಕೂಣ್ರಿ. ಇಷ್ಟು ವರ್ಷ ನಾವು ಹಂಗ ಬರದ ಹೆಣ್ಣಮಕ್ಕಳಿಗೂ ಕೂಡೇ ಕೇಳೂಣ," ಎಂದು ಗೋಪಣ್ಣನವರು ಹೇಳಿದಾಗ ಮಾಲೀಕರು ಒತ್ತಾಯ ಕೈಬಿಟ್ಟರು. ಅಂದಿನಿಂದ ನಮ್ಮಲ್ಲಿ ಗಂಡಸಿಗೂ ಹೆಂಗಸಿಗೂ ಪೂರ್ತಿ ಹೆಸರು, ಅಡ್ಡಹೆಸರು ಸಮೇತ. ತಲೆಬರಹ ಎರಡು ಸಾಲಾದರೆ ಆಗಲಿ.

ಒಳ್ಳೆಯದೆಂದು ಮಾಡಿದ್ದು ತಪ್ಪಾಯಿತೆಂದು ತಿಳಿದ ಕೂಡಲೇ ಒಪ್ಪಿ ತಿದ್ದಿಕೊಂಡ ಈ ಹಿರಿಯರೆಂದರೆ ನಮಗೆ ಪ್ರಾಣ. ಅವರಿಗೆ ಆಯುರಾರೋಗ್ಯ ಕೂಡಿಬರಲಿ, ಅವರ ಪೆನ್ನಿಗೆ ಬಿಡುವು ಸಿಗದಿರಲಿ. ಅವರ ಈ ಅಭಿನಂದನ ಸಂಪುಟಕ್ಕಾಗಿ ಎರಡು ಮಾತು ಕೇಳಹೋದಾಗ ಸಿದ್ದಲಿಂಗವ್ವ ಹೊಸಮನಿಯವರು ನಕ್ಕು ಹೇಳಿದರು: "ಮೊದಲ ಬಾಗಲಕ ಬಂದವ್ರು, ಸಾವ್ಕಾರ್ರು ಅದಾರೇನ್ರಿ ಅಂತ ನನ್ನ ಕೇಳ್ತಿದ್ರು. ಈಗ, ಸಿದ್ದಲಿಂಗವ್ವಾರು ಅದಾರೇನ್ರಿ ಅಂತ ಸಾವ್ಕಾರ್ರನ್ನ ಕೇಳ್ತಾರ."